ಇಲಿ ಯಾಕೆ ಬೆವರಿತು: ಮುಂಬಯಿ ಮನೆಯ ಕೇಕಿಗೊಂದು ದೋಷ ನಿವಾರಣೆ ಕೈಪಿಡಿ

‘ಎ.ಸಿ. ಕೂಲಿಂಗ್ ಆಗ್ತಿಲ್ಲ, ಗ್ಯಾಸ್ ಹೋಗಿರ್ಬೇಕು, ಬಂದು ತುಂಬಿಸಿ ಕೊಡಿ.’ ಇಪ್ಪತ್ತಾರು ವರ್ಷದಿಂದ ನನಗೆ ಬರುವ ಫೋನು ಇದೇ. ಹೋಗಿ ನೋಡಿದರೆ ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ. ಫಿಲ್ಟರ್ ತೆಗೆದರೆ ಕಂಬಳಿಯ ಹಾಗೆ ಧೂಳು. ಗ್ಯಾಸ್ ಬಡಪಾಯಿ, ಸುಮ್ನೆ ಬೈಸಿಕೊಳ್ಳುತ್ತದೆ.

ಕೇಕಿನ ವಿಷಯದಲ್ಲಿ ಹೀಗೆ ಬೈಸಿಕೊಳ್ಳುವುದು ಕ್ರೀಮ್. ಇಲ್ಲ ರೆಸಿಪಿ. ಅದೂ ಇಲ್ಲ ಅಂದರೆ ಮಾಡಿದವರ ಕೈ. ಇದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ, ಡೊಂಬಿವಲಿಯ ನಮ್ಮ ಮನೆಯಲ್ಲಿ, ಚೌತಿಯ ದಿನ.

ಊರು ಕುಂದಾಪುರದ ಕಡೆಯಾದರೂ ನಮ್ಮ ಹಬ್ಬ ಇಲ್ಲೇ. ಒಂದೂವರೆ ದಿನದ ಗಣಪತಿ. ಆ ವರ್ಷ ಮಗಳ ಹುಟ್ಟುಹಬ್ಬವೂ ಅದೇ ದಿನ ಬಿತ್ತು. ಸಂಜೆ ಮಂಗಳಾರತಿ ಆದಮೇಲೆ ಮೊಟ್ಟೆ ಇಲ್ಲದ ಕೇಕ್ ಕತ್ತರಿಸೋಣ ಅಂತ ಅವಳೇ ತೀರ್ಮಾನಿಸಿ, ಎರಡು ದಿನ ಕೂತು ಮಾಡಿದ್ದಳು. ಮೇಲೆ ಫಾಂಡೆಂಟಿನ, ಅಂದರೆ ನಾದಿದ ಸಕ್ಕರೆ ಹಿಟ್ಟಿನ ಇಲಿ. ಬೂದು ಮೈ, ಗುಲಾಬಿ ಕಿವಿ, ಕೈಯಲ್ಲೊಂದು ಮೋದಕ. ಚೆಂದ ಇತ್ತು. ರಾತ್ರಿ ಇಡೀ ಫ್ರಿಜ್ಜಿನಲ್ಲಿಟ್ಟು, ಮರುದಿನ ಇಪ್ಪತ್ತೆರಡು ಜನ ನೆಂಟರ ಮುಂದೆ ತಂದಿಟ್ಟಳು. ಹೊರಗೆ ಜಡಿಮಳೆ. ಒಳಗೆ ಅಷ್ಟು ಜನರ ಉಸಿರು, ದೀಪ, ಧೂಪ. ಹತ್ತು ನಿಮಿಷದಲ್ಲಿ ಇಲಿಯ ಮೈಮೇಲೆ ಸಾಸಿವೆ ಕಾಳಿನಂಥ ಹನಿಗಳು. ಇಪ್ಪತ್ತು ನಿಮಿಷಕ್ಕೆ ಮೂತಿಯಿಂದ ಬೂದು ನೀರಿಳಿದು ಬಿಳಿ ಕ್ರೀಮಿನ ಮೇಲೆ ಗೆರೆ. ಆರತಿ ಮುಗಿಯುವಷ್ಟರಲ್ಲಿ ಒಂದು ಕಿವಿ ಮಡಚಿ ಕೆನ್ನೆಗೆ ಅಂಟಿಕೊಂಡಿತು. ‘ಇಲಿಗೆ ಜ್ವರವಾ ಮಗಾ?’ ಅಂತ ನಮ್ಮ ದೊಡ್ಡಮ್ಮ ಕೇಳಿದರು. ಎಲ್ಲರೂ ನಕ್ಕರು. ಮಗಳು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತಳು.

ಅವಳು ಫಾಂಡೆಂಟಿಗೆ ಬೈದಳು. ಹೆಂಡತಿ ಫ್ರಿಜ್ಜಿಗೆ ಬೈದಳು. ನಾನು ಇಲಿಯನ್ನೇ ನೋಡುತ್ತ ನಿಂತೆ. ಆ ಹನಿಗಳನ್ನು ನಾನು ದಿನಾ ನೋಡುತ್ತೇನಲ್ಲ! ಇನ್ಸುಲೇಷನ್ ಹರಿದ ತಾಮ್ರದ ಪೈಪಿನ ಮೇಲೆ ಕೂರುವ ಹನಿಯೂ ಅದೇ.

ಅವತ್ತಿನಿಂದ ನನಗೆ ಕೇಕಿನ ಹುಚ್ಚು ಹತ್ತಿತು. ಮೊದಮೊದಲು ದೋಷ ಹುಡುಕುವ ಚಟ ಅಷ್ಟೇ. ಆಮೇಲೆ ಒಂದು ಭಾನುವಾರ ಮಗಳು ಕ್ರೀಮ್ ಒತ್ತಿ ಹೂವು ಬಿಡುವ ಪೈಪಿಂಗ್ ಬ್ಯಾಗ್ ಕೈಗೆ ತಗೊಂಡೆ. ತಾಮ್ರದ ಪೈಪಿಗೆ ಬ್ರೇಜಿಂಗ್, ಅಂದರೆ ಬೆಸುಗೆ ಮಾಡುವಾಗ ಕಡ್ಡಿ ಕರಗಿ ಕೀಲಿನ ಸುತ್ತ ಒಂದೇ ಸಮ ಓಡಬೇಕು. ಕೈ ನಿಂತರೆ ಗಂಟು, ಓಡಿದರೆ ತೂತು. ಬ್ಯಾಗ್ ಒತ್ತಿದಾಗ ಕೈಗೆ ಬಂದದ್ದು ಅದೇ ಲೆಕ್ಕ. ಕೇಕಿನ ಅಂಚಿನ ಸುತ್ತ ಒಂದು ಸುತ್ತು ಶಂಖದ ಆಕಾರ ಬಿಟ್ಟು ಮುಗಿಸಿದಾಗ ಯಾಕೋ ಸಿಳ್ಳೆ ಹಾಕಬೇಕು ಅನಿಸಿತು. ಈಗ ಲೋಹಾರ್ ಚಾಳಿಗೆ ಎ.ಸಿ.ಯ ಕೆಪಾಸಿಟರ್ ತರಲು ಹೋದರೆ ಕಾಲು ತಾನಾಗಿ ಕೇಕಿನ ಸಾಮಾನು ಸಿಗುವ ಕ್ರಾಫರ್ಡ್ ಮಾರ್ಕೆಟ್ಟಿನ ಕಡೆ ತಿರುಗುತ್ತದೆ. ಒಂದು ಚೀಲದಲ್ಲಿ ಕೆಪಾಸಿಟರ್, ಇನ್ನೊಂದರಲ್ಲಿ ಗುಲಾಬಿ ಎಸಳಿನ ನಾಜಲ್, ಅಂದರೆ ಬ್ಯಾಗಿನ ತುದಿಗೆ ಹಾಕುವ ಕೊಳವೆ. ಮನೆಯಲ್ಲಿ ನೆಂಟರು ಬರುತ್ತಾರೆ ಅಂದರೆ ಮೊದಲು ಶರ್ಟ್ ಹಾಕಿಕೊಂಡು ಹೊರಗೆ ಜಾರುತ್ತಿದ್ದವನು, ಈಗ ಯಾರು ಬರ್ತಾರೆ, ಎಷ್ಟು ಜನ ಅಂತ ನಾನೇ ಕೇಳುತ್ತೇನೆ.

ಕೆಳಗಿರುವುದು ಈ ಮೂರು ವರ್ಷದಲ್ಲಿ ನನ್ನ ಸರ್ವಿಸ್ ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡದ್ದು.

ಮೊದಲು ಏನು ನೋಡಬೇಕು

ಯಾವ ದೋಷವೇ ಇರಲಿ, ಹುಡುಕುವ ಕ್ರಮ ಒಂದೇ. ಮೊದಲು ಕೋಣೆಯ ಗಾಳಿ. ಆಮೇಲೆ ಫ್ರಿಜ್. ಆಮೇಲೆ ಓವನ್. ರೆಸಿಪಿ ಕೊನೆಗೆ.

ಹೆಚ್ಚಿನ ರೆಸಿಪಿಗಳಲ್ಲಿ ‘ರೂಮ್ ಟೆಂಪರೇಚರಿನ ಬೆಣ್ಣೆ’ ಅಂತ ಇರುತ್ತದೆ. ಅದು ಬರೆದವರ ರೂಮು, ನಮ್ಮದಲ್ಲ. ಅವರ ಲೆಕ್ಕದಲ್ಲಿ ಅದು 20 ಡಿಗ್ರಿಯ ಆಸುಪಾಸು. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ 33 ದಾಟುತ್ತದೆ. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35ರ ನಡುವೆ. ಅಂದರೆ ನಮ್ಮಲ್ಲಿ ರೂಮ್ ಟೆಂಪರೇಚರಿನ ಬೆಣ್ಣೆ ಅಂದರೆ ಹೆಚ್ಚುಕಡಿಮೆ ತುಪ್ಪ. ರೆಸಿಪಿ ಸುಳ್ಳು ಹೇಳಿಲ್ಲ, ನಾವು ಬೇರೆ ಊರಿನ ನಕಾಶೆ ಹಿಡಿದು ಹೊರಟಿದ್ದೇವೆ.

ಮೂರು ಸಾಮಾನು ಇಟ್ಟುಕೊಳ್ಳಿ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು, ಓವನ್ ಒಳಗಿಡುವ ಥರ್ಮಾಮೀಟರ್ ಒಂದು, ಗಾಳಿಯ ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದು. ನಾಜಲ್ ಸೆಟ್ಟಿನಲ್ಲಿ 52 ತುಂಡು ಬರುತ್ತದೆ ಅಂತ ಆಸೆ ಪಟ್ಟು ತಗೊಳ್ಳುವವರನ್ನು ನೋಡಿದ್ದೇನೆ. ಬಳಸುವುದು ನಾಲ್ಕೇ ನಾಲ್ಕು. ಆ ದುಡ್ಡು ಮೀಟರಿಗೆ ಹಾಕಿ.

ಫ್ರಿಜ್ ಪರೀಕ್ಷೆಗೆ ಒಂದು ಲೋಟ ನೀರು ಸಾಕು. ರಾತ್ರಿ ಕೇಕ್ ಇಡುವ ಜಾಗದಲ್ಲೇ ಇಡಿ. ಬೆಳಿಗ್ಗೆ ಥರ್ಮಾಮೀಟರ್ ಅದ್ದಿ. 3ರಿಂದ 5 ಡಿಗ್ರಿ ಇದ್ದರೆ ಸರಿ. ಹಬ್ಬದ ದಿನ ಸಂಜೆ ಇದನ್ನೇ ಮಾಡಿ ನೋಡಿ, ಬೇಜಾರಾಗುತ್ತದೆ. ನೀರಿನ ಬಾಟಲಿಗೊಂದು ಸಲ, ಹೂವಿಗೊಂದು ಸಲ, ಪಂಚಾಮೃತದ ಹಾಲಿಗೊಂದು ಸಲ ಬಾಗಿಲು ತೆಗೆದು ತೆಗೆದು ನಮ್ಮನೆ ಫ್ರಿಜ್ 11ಕ್ಕೆ ಏರಿತ್ತು. ಈಗ ಕೇಕ್ ಇರುವ ದಿನ ನೀರಿನ ಬಾಟಲಿಗಳೆಲ್ಲ ಹೊರಗೆ, ಐಸ್ ಹಾಕಿದ ಬಕೆಟ್ಟಿನಲ್ಲಿ.

ದೂರು: ಫ್ರಿಜ್ಜಿನಿಂದ ತೆಗೆದ ಕೇಕ್ ಬೆವರುತ್ತದೆ, ಅಂಟಂಟಾಗುತ್ತದೆ, ಬಣ್ಣ ಇಳಿಯುತ್ತದೆ

ಇಲಿಯ ಕೇಸು ಇದು.

ಬೆವರು ಕೇಕಿನ ಒಳಗಿಂದ ಬರುವುದಲ್ಲ. ಗಾಳಿಯಿಂದ ಬರುವುದು. ಬಿಸಿ ಗಾಳಿ ಜಾಸ್ತಿ ನೀರು ಹೊತ್ತುಕೊಂಡಿರುತ್ತದೆ. ತಣ್ಣಗಾದಂತೆ ಹೊರಲು ಆಗುವುದಿಲ್ಲ, ಒಂದು ಹಂತದಲ್ಲಿ ಕೆಳಗೆ ಹಾಕಿಬಿಡುತ್ತದೆ. ಆ ಹಂತಕ್ಕೆ ಇಬ್ಬನಿ ಬಿಂದು ಅಂತಾರೆ. ಕೋಣೆ 30 ಡಿಗ್ರಿ, ತೇವಾಂಶ ಶೇಕಡ 80 ಇದ್ದರೆ ಇಬ್ಬನಿ ಬಿಂದು 26ರ ಹತ್ತಿರ. ನಿಮ್ಮ ಕೇಕ್ ಫ್ರಿಜ್ಜಿನಿಂದ ಬಂದಾಗ 4 ಡಿಗ್ರಿ. ಅಂದರೆ ಕೇಕಿನ ಮೈ 4ರಿಂದ 26ಕ್ಕೆ ಏರುವವರೆಗೂ ಗಾಳಿ ಅದರ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. ಹೆಚ್ಚುಕಡಿಮೆ ಕೋಣೆಯಷ್ಟೇ ಬಿಸಿಯಾಗುವವರೆಗೂ ಬೆವರು ನಿಲ್ಲುವುದಿಲ್ಲ ಅಂತಾಯಿತು.

ಈಗ ಅದೇ ಕೇಕನ್ನು ಎ.ಸಿ. ಕೋಣೆಗೆ ತನ್ನಿ. 24 ಡಿಗ್ರಿ, ತೇವಾಂಶ ಶೇಕಡ 50. ಇಬ್ಬನಿ ಬಿಂದು 13ಕ್ಕೆ ಇಳಿಯುತ್ತದೆ. ಕೇಕಿನ ಮೈ 13 ದಾಟಿದರೆ ಸಾಕು, ಬೆವರು ಬಂದ್. ಮಳೆಗಾಲದ ರಾತ್ರಿ ಎ.ಸಿ.ಯ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿ, ಬೆಳಿಗ್ಗೆ ಅರ್ಧ ಬಕೆಟ್ ನೀರು ಇರುತ್ತದೆ. ಅಷ್ಟೂ ನಿಮ್ಮ ಕೋಣೆಯ ಗಾಳಿಯಲ್ಲಿ ಇದ್ದದ್ದು. ಎ.ಸಿ. ತೆಗೆಯದೇ ಇದ್ದಿದ್ದರೆ ಅದರಲ್ಲಿ ಒಂದು ಪಾಲು ಕೇಕಿನ ಮೇಲೆ ಕೂರುತ್ತಿತ್ತು.

ಫಾಂಡೆಂಟ್ ಅಂದರೆ ಸಕ್ಕರೆ. ಸಕ್ಕರೆಗೆ ನೀರು ಕಂಡರೆ ಬಿಡಲಾಗದು. ಮೇಲೆ ಬಿದ್ದ ಹನಿಯನ್ನು ಕುಡಿದು ಪಾಕವಾಗುತ್ತದೆ. ಬಣ್ಣ ಕರಗಿ ಇಳಿಯುವುದು, ಕಿವಿ ಮಡಚುವುದು ಎಲ್ಲ ಅದಾದ ಮೇಲಿನ ಕಥೆ.

ಮುಂದೆ ಹೀಗಾಗಬಾರದು ಅಂದರೆ: ಕೇಕನ್ನು ರಟ್ಟಿನ ಡಬ್ಬದಲ್ಲಿಟ್ಟು, ಡಬ್ಬದ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಫ್ರಿಜ್ಜಿಗಿಡಿ. ಹೊರಗೆ ತೆಗೆದ ಮೇಲೆ ಬಿಚ್ಚಬೇಡಿ. ಆಸೆಗೂ ಬಿಚ್ಚಬೇಡಿ. ಹನಿಗಳು ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತವೆ, ಕೇಕಿನ ಮೇಲಲ್ಲ. ಒಂದು ಕಿಲೋ ಕೇಕಿಗೆ ಎರಡು ಗಂಟೆಯಾದರೂ ಬೇಕು. ಪ್ಲಾಸ್ಟಿಕ್ ಒರೆಸಿ, ಬಿಚ್ಚಿ, ಆಮೇಲೆ ಡಬ್ಬ ತೆರೆಯಿರಿ.

ಇಲ್ಲೊಂದು ತೊಡಕಿದೆ. ಕ್ರೀಮ್ ಕೇಕನ್ನು ಎರಡು ಗಂಟೆ ಹೊರಗಿಡಲು ಆಗುವುದಿಲ್ಲ, ಕುಸಿಯುತ್ತದೆ. ಹಾಗಾಗಿ ನಮ್ಮನೆಯಲ್ಲಿ ಈಗ ಒಂದು ಕಾನೂನು: ವಿಪ್ಪಿಂಗ್ ಕ್ರೀಮಿನ ಕೇಕಿಗೆ ಫಾಂಡೆಂಟ್ ಹೊದಿಸುವುದಿಲ್ಲ. ಫಾಂಡೆಂಟಿನ ಕೆಳಗೆ ಗನಾಶ್, ಅಂದರೆ ಚಾಕಲೇಟಿಗೆ ಬಿಸಿ ಕ್ರೀಮ್ ಬೆರೆಸಿದ ಲೇಪ. ಬೊಂಬೆ ಬೇಕೇ ಬೇಕು ಅಂದರೆ ಬೊಂಬೆ ಫ್ರಿಜ್ ಮುಖ ನೋಡಬಾರದು, ಆರತಿ ತಟ್ಟೆ ಕೆಳಗಿಟ್ಟ ಮೇಲೆಯೇ ಕೇಕ್ ಹತ್ತಬೇಕು.

ಬೊಂಬೆ ನಾಲ್ಕೈದು ದಿನ ಮೊದಲೇ ಮಾಡಿ. 250 ಗ್ರಾಂ ಫಾಂಡೆಂಟಿಗೆ ಒಂದು ಟೀ ಚಮಚದಷ್ಟು ಟೈಲೋಸ್ ಅಥವಾ ಸಿಎಂಸಿ ಪುಡಿ ನಾದಿದರೆ ಗಟ್ಟಿಯಾಗುತ್ತದೆ. ಆಷಾಢ ಶ್ರಾವಣದಲ್ಲಿ ತೆರೆದಿಟ್ಟರೆ ಅದು ಒಣಗುವ ಬದಲು ಇನ್ನೂ ಮೆತ್ತಗಾಗುತ್ತದೆ. ಹಪ್ಪಳಕ್ಕೆ ಇರುವ ಬುದ್ಧಿಯೇ ಇದಕ್ಕೂ. ಗಾಳಿಯಾಡದ ಡಬ್ಬದಲ್ಲಿ, ಬೊಂಬೆಗೆ ತಾಗದ ಹಾಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹೊಸ ಚಪ್ಪಲಿ, ಹೊಸ ಬ್ಯಾಗಿನಲ್ಲಿ ಬರುವುದೇ ಆದೀತಾ ಅಂತ ಕೇಳಬೇಡಿ, ತಿನ್ನುವ ಸಾಮಾನಿನ ಜೊತೆ ಇಡಲೆಂದೇ ಮಾಡಿದ್ದು ಬೇರೆ ಸಿಗುತ್ತದೆ.

ಈಗಾಗಲೇ ಬೆವರಿದೆಯಾ? ಮುಟ್ಟಬೇಡಿ. ಟಿಶ್ಯೂ ಒತ್ತಬೇಡಿ, ಬೆರಳ ಗುರುತು ಶಾಶ್ವತವಾಗಿ ಉಳಿಯುತ್ತದೆ. ಕಾರ್ನ್‌ಫ್ಲೋರ್ ಉದುರಿಸಿದರೆ ತೊನ್ನು ಬಂದ ಹಾಗೆ ಕಾಣುತ್ತದೆ. ಎ.ಸಿ.ಯನ್ನು ಡ್ರೈ ಮೋಡಿಗೆ ಹಾಕಿ, ದೂರದಿಂದ ಟೇಬಲ್ ಫ್ಯಾನ್ ಬಿಡಿ. ಒಂದು ಗಂಟೆಯಲ್ಲಿ ಒಣಗುತ್ತದೆ. ಸ್ವಲ್ಪ ಮಿರುಗು ಉಳಿಯಬಹುದು. ಬೇಕೆಂದೇ ಮಿರುಗಿಸಿದ್ದು ಅಂತ ಹೇಳಿ.

ಫ್ರಿಜ್ಜಿನ ಜಾತಿಯೂ ಮುಖ್ಯ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಫ್ಯಾನ್ ಗಾಳಿ ತಿರುಗಿಸುತ್ತದೆ, ನೀರೆಲ್ಲ ಹಿಂದಿನ ತಣ್ಣನೆಯ ಪೈಪಿನ ಸುರುಳಿಗೆ ಹೋಗುತ್ತದೆ, ಒಳಗೆ ಒಣ ಹವೆ. ಅಲ್ಲಿ ಮುಚ್ಚದೆ ಇಟ್ಟ ಸ್ಪಂಜ್ ಒಂದೇ ರಾತ್ರಿಗೆ ರಸ್ಕ್ ಆಗುತ್ತದೆ. ಐಸ್ ಕಟ್ಟುವ ಹಳೇ ಡೈರೆಕ್ಟ್ ಕೂಲ್ ಫ್ರಿಜ್ಜಿನಲ್ಲಿ ಒಳಗೇ ತೇವ ಜಾಸ್ತಿ, ಫಾಂಡೆಂಟ್ ಅಲ್ಲೇ ಅಂಟತೊಡಗುತ್ತದೆ. ಎರಡಕ್ಕೂ ಔಷಧ ಆ ರಟ್ಟಿನ ಡಬ್ಬವೇ.

ದೂರು: ಕ್ರೀಮ್ ಏಳುವುದಿಲ್ಲ, ಎದ್ದರೂ ತರಿತರಿ, ಹೂವು ಬಿಟ್ಟರೆ ಎಸಳು ಬಾಗುತ್ತದೆ

ಯಾವ ಕ್ರೀಮ್ ಅಂತ ಮೊದಲು ಕೇಳಬೇಕು. ಹಾಲಿನದ್ದೋ, ಎಣ್ಣೆಯದ್ದೋ?

ಹಾಲಿನದ್ದಾದರೆ ಪೊಟ್ಟಣದ ಮೇಲೆ ಕೊಬ್ಬಿನ ಅಂಕಿ ನೋಡಿ. ಅಂಗಡಿಯಲ್ಲಿ ಫ್ರೆಶ್ ಕ್ರೀಮ್ ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ ಶೇಕಡ 25. ಪನೀರ್ ಮಖನಿಗೆ ಸರಿ, ಗನಾಶಿಗೂ ಸರಿ, ಹೂವಿಗೆ ಆಗುವುದಿಲ್ಲ. ಎಷ್ಟು ತಿರುಗಿಸಿದರೂ ಪಾಯಸ. ಕನಿಷ್ಠ 30 ಬೇಕು, 35 ಇದ್ದರೆ ನೆಮ್ಮದಿ. ಅದೂ 4 ಡಿಗ್ರಿಯಲ್ಲಿರಬೇಕು. ನಮ್ಮಜ್ಜಿ ಬೇಸಿಗೆಯಲ್ಲಿ ಮೊಸರು ಕಡೆಯುವಾಗ ತಣ್ಣೀರು, ಚಳಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕುತ್ತಿದ್ದರು. ಥರ್ಮಾಮೀಟರ್ ಇರಲಿಲ್ಲ, ಕಡಗೋಲಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕ್ರೀಮ್ ಏಳುವುದೂ ಬೆಣ್ಣೆ ಬರುವುದೂ ಒಂದೇ ದಾರಿಯ ಎರಡು ಸ್ಟೇಷನ್ನು. ಕೊಬ್ಬಿನ ಕಣಗಳು ಕೈ ಕೈ ಹಿಡಿದು ಗಾಳಿಗೆ ಬೇಲಿ ಕಟ್ಟಿದರೆ ಅದು ಕ್ರೀಮ್. ಪೂರ್ತಿ ಅಪ್ಪಿಕೊಂಡುಬಿಟ್ಟರೆ ಬೆಣ್ಣೆ. ಒಂದು ಸ್ಟೇಷನ್ ಮುಂದೆ ಹೋದಿರೋ, ವಾಪಸ್ ಟಿಕೆಟ್ ಇಲ್ಲ. ಇನ್ನೂ ಎರಡು ನಿಮಿಷ ತಿರುಗಿಸಿ ಬೆಣ್ಣೆ ತೆಗೆದು ನೀರ್ ದೋಸೆಗೆ ಹಚ್ಚಿ. ಸಕ್ಕರೆ ಹಾಕಿಯಾಗಿದ್ದರೆ ಮಕ್ಕಳ ಬ್ರೆಡ್ಡಿಗೆ.

ಮನೆಯಲ್ಲಿ ಕೇಕ್ ಮಾಡುವವರು ಹೆಚ್ಚಾಗಿ ಬಳಸುವುದು ನಾನ್ ಡೈರಿ ಕ್ರೀಮ್, ಅಂದರೆ ತಾಳೆ ಬೀಜದ ಎಣ್ಣೆಯಂಥದರಿಂದ ಮಾಡಿದ್ದು. ರುಚಿಯಲ್ಲಿ ಹಾಲಿನದ್ದರ ಕಾಲಿಗೂ ಸಮ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಮ್ಮ ಸೆಕೆಗೆ ನಿಲ್ಲುವುದು ಅದೇ. ಅದು ಫ್ರೀಜರಿನಲ್ಲಿ, ಮೈನಸ್ 18ರಲ್ಲಿ ಇರಬೇಕಾದ ಮಾಲು. ಹಿಂದಿನ ದಿನ ಫ್ರಿಜ್ಜಿಗೆ ಇಳಿಸಿ ನಿಧಾನಕ್ಕೆ ಕರಗಿಸಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಒಮ್ಮೆ ನನಗೆ ಎರಡು ಪೊಟ್ಟಣ ಹಾಳಾದವು. ಎಷ್ಟು ತಣ್ಣಗಿಟ್ಟರೂ ಏಳಲೊಲ್ಲದು. ಪೊಟ್ಟಣ ಕತ್ತರಿಸಿ ಸ್ಟೀಲ್ ಪಾತ್ರೆಗೆ ಸುರಿದೆ. ಅಡಿಯಲ್ಲಿ ತೆಳು ನೀರು, ಮೇಲೆ ಗಂಟು ಗಂಟು. ಹಾಗೆ ಬೇರೆಯಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಅಂಗಡಿಯಲ್ಲೇ ಆಗಿತ್ತೋ ಅಥವಾ ಒಂದೂವರೆ ಗಂಟೆ ಲೋಕಲಿನಲ್ಲಿ ನನ್ನ ತೊಡೆ ಮೇಲೆ ಆಯಿತೋ, ಹೇಳುವುದು ಕಷ್ಟ. ಅಂದಿನಿಂದ ಥರ್ಮಾಕೋಲ್ ಡಬ್ಬ, ಒಳಗೆ ಐಸ್ ಪ್ಯಾಕ್. ಉಳಿದ ಸಾಮಾನೆಲ್ಲ ತಗೊಂಡು ಕ್ರೀಮ್ ಕೊನೆಗೆ.

ತಿರುಗಿಸುವಾಗ: ಪಾತ್ರೆ, ಬೀಟರ್ ಎರಡನ್ನೂ 15 ನಿಮಿಷ ಫ್ರೀಜರಿನಲ್ಲಿಡಿ. ಕ್ರೀಮಿನಲ್ಲಿ ಇನ್ನೂ ಸಣ್ಣ ಐಸ್ ಚೂರು ಇರುವಾಗಲೇ ಶುರು ಮಾಡಿ. ಮಧ್ಯಮ ವೇಗ. ಜೋರಾಗಿ ಓಡಿಸಿದರೆ ದೊಡ್ಡ ದೊಡ್ಡ ಗಾಳಿಗುಳ್ಳೆ ಸೇರಿ ಕ್ರೀಮ್ ಇಡ್ಲಿ ಮುರಿದ ಹಾಗೆ ತೂತು ತೂತು ಕಾಣುತ್ತದೆ. ಕೇಕಿನ ಮೈಗೆ ಸವರುವುದಕ್ಕೆ ತುದಿ ಬಾಗುವಾಗಲೇ ನಿಲ್ಲಿಸಿ. ಟರ್ನ್‌ಟೇಬಲ್ ಮೇಲೆ ಸವರುವಾಗ ಪ್ಯಾಲೆಟ್ ಚಾಕುವೂ ಅದನ್ನು ಕಡೆಯುತ್ತಲೇ ಇರುತ್ತದೆ, ಅಲ್ವಾ? ಹೂವಿಗೆ ಮಾತ್ರ ತುದಿ ನೆಟ್ಟಗೆ ನಿಲ್ಲಬೇಕು. ಮಿತಿ ಮೀರಿ ತರಿಯಾಗಿದ್ದರೆ ತಣ್ಣನೆಯ ದ್ರವ ಕ್ರೀಮ್ ಮೂರು ನಾಲ್ಕು ಚಮಚ ಹಾಕಿ ಕೈಯಲ್ಲೇ ಮಡಚಿ ಮಡಚಿ ಬೆರೆಸಿ. ನಾನ್ ಡೈರಿಯಲ್ಲಿ ಇದು ನಡೆಯುತ್ತದೆ.

ಮೊದಲ ಐದು ಹೂವು ಚೆನ್ನಾಗಿ ಬಂದು ಆರನೆಯದು ಮಲಗಿತೇ? ಕ್ರೀಮ್ ಸರಿ ಇದೆ, ಬಿಸಿ ಇರುವುದು ನಿಮ್ಮ ಅಂಗೈ. ಬ್ಯಾಗ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಎರಡು ಬ್ಯಾಗ್ ಇಟ್ಟುಕೊಳ್ಳಿ, ಒಂದು ಕೈಯಲ್ಲಿ, ಒಂದು ಫ್ರಿಜ್ಜಿನಲ್ಲಿ. ನನ್ನ ಕೈ ಸ್ವಲ್ಪ ಜಾಸ್ತಿಯೇ ಬಿಸಿ, ಹಾಗಾಗಿ ಬ್ಯಾಗಿನ ಸುತ್ತ ಕರ್ಚೀಫ್ ಸುತ್ತಿಕೊಳ್ಳುತ್ತೇನೆ.

ದೂರು: ಬಟರ್‌ಕ್ರೀಮ್ ಸೂಪಿನಂತಾಯಿತು, ಅಥವಾ ಮೊಸರೊಡೆದಂತಾಯಿತು

ಬೆಣ್ಣೆ, ಸಕ್ಕರೆ ಕಡೆದು ಮಾಡುವ ಕ್ರೀಮ್ ಇದು. ಸೂಪಾಗಿದ್ದರೆ ಬಿಸಿ. ಪಾತ್ರೆ ಸಮೇತ 15 ನಿಮಿಷ ಫ್ರಿಜ್ಜಿಗಿಟ್ಟು ಮತ್ತೆ ಬೀಟ್ ಮಾಡಿ. ಒಡೆದಂತಿದ್ದರೆ ತಣ್ಣಗೆ ಜಾಸ್ತಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಾತ್ರೆಯ ಹೊರಮೈಗೆ ಸುತ್ತಿ ಬೀಟ್ ಮಾಡಿ. ಉಪ್ಪುಪ್ಪಾಗಿದ್ದರೆ ನೀವು ಬ್ರೆಡ್ಡಿಗೆ ಹಚ್ಚುವ ಬೆಣ್ಣೆ ಹಾಕಿದ್ದೀರಿ. ಅದಕ್ಕೆ ಮದ್ದಿಲ್ಲ, ಮುಂದಿನ ಸಲ ಉಪ್ಪಿಲ್ಲದ್ದು ತನ್ನಿ. ಏಪ್ರಿಲ್‌ನಿಂದ ಜೂನ್‌ವರೆಗೆ ನಾನು ಇದನ್ನು ಮಾಡುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಮಾಡಿ, ಕ್ರಿಸ್‌ಮಸ್ ಕೇಕಿಗೆ ಚೆನ್ನಾಗಿರುತ್ತದೆ.

ದೂರು: ಗನಾಶ್ ಎಣ್ಣೆ ಬಿಟ್ಟಿತು, ಕರಗಿಸಿದ ಚಾಕಲೇಟ್ ಮಣ್ಣಾಯಿತು

ಎರಡೂ ಬೇರೆ ಬೇರೆ ದೋಷ. ಎಣ್ಣೆ ಬಿಟ್ಟಿದ್ದರೆ ಬಿಸಿ ಜಾಸ್ತಿಯಾಗಿದೆ, ಇಲ್ಲವೇ ಕೊಬ್ಬಿಗೆ ತಕ್ಕ ನೀರಿನಂಶ ಇಲ್ಲ. ಒಂದು ಚಮಚ ಬೆಚ್ಚಗಿನ ಹಾಲು ನಡುವಿಗೆ ಹಾಕಿ, ನಡುವಿನಲ್ಲಷ್ಟೇ ಸಣ್ಣ ವೃತ್ತದಲ್ಲಿ ತಿರುಗಿಸಿ. ಹೊಳೆಯುವ ಚುಕ್ಕೆಯೊಂದು ಹುಟ್ಟುತ್ತದೆ. ಅದನ್ನೇ ಮೆಲ್ಲಗೆ ಅಗಲ ಮಾಡುತ್ತ ಬನ್ನಿ. ಹಾಲು ಸಾಲದಿದ್ದರೆ ಇನ್ನೊಂದು ಚಮಚ. ಇದನ್ನು ನೋಡುವುದೇ ಒಂದು ಸುಖ. ಒಡೆದ ಎಣ್ಣೆಯೆಲ್ಲ ಹಿಂದಕ್ಕೆ ಹೋಗಿ ಕನ್ನಡಿ ಆಗುತ್ತದೆ.

ಚಾಕಲೇಟ್ ಒಮ್ಮೆಲೇ ಗಟ್ಟಿಯಾಗಿ ಮಣ್ಣಿನ ಹಾಗಾದರೆ ನೀರು ಬಿದ್ದಿದೆ. ಒಂದೆರಡು ಹನಿ ಸಾಕು. ಒದ್ದೆ ಚಮಚ, ಕೆಳಗೆ ಕುದಿಯುವ ನೀರಿನ ಹಬೆ, ಮುಚ್ಚಳದಿಂದ ಬಿದ್ದ ಹನಿ. ತಮಾಷೆ ಅಂದರೆ, ಕೆಡಿಸಿದ್ದು ನೀರು, ಸರಿಮಾಡುವುದೂ ನೀರೇ. ಬಿಸಿ ಕ್ರೀಮ್ ಹಾಕುತ್ತ ಹೋದರೆ ಸಡಿಲವಾಗುತ್ತದೆ. ಅಚ್ಚಿಗೆ ಬರುವುದಿಲ್ಲ, ಗನಾಶಿಗೆ ಬರುತ್ತದೆ.

ಅಳತೆ: ಕೇಕ್ ಹೊದಿಸಲು ಡಾರ್ಕ್ ಚಾಕಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು. ಮೇ ತಿಂಗಳಿಗೆ ಎರಡೂವರೆ ಪಾಲು. ಬಿಳಿ ಚಾಕಲೇಟಾದರೆ ಮೂರು, ಸೆಕೆಗೆ ನಾಲ್ಕರವರೆಗೂ ಹೋಗಿ. ಕಾಂಪೌಂಡ್ ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಎಣ್ಣೆಯ ಕೊಬ್ಬು, ಹಾಗಾಗಿ ಬಿಸಿಗೆ ಜಾಸ್ತಿ ತಡೆಯುತ್ತದೆ. ಬಾಯಲ್ಲೂ ತಡೆಯುತ್ತದೆ, ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತದೆ. ಮೇಲಿನ ಅಲಂಕಾರಕ್ಕಾದರೆ ಕ್ಷಮಿಸಬಹುದು.

ದೂರು: ಕೇಕೇ ಗುಡ್ಡದಂತೆ ಉಬ್ಬಿ ಬಿರಿಯಿತು, ಇಲ್ಲವೇ ನಡು ಕುಸಿಯಿತು

ಅಲಂಕಾರ ನಿಲ್ಲಬೇಕಾದರೆ ಕೆಳಗಿನ ನೆಲ ಸಮ ಇರಬೇಕು. ನಮ್ಮ ಓಟಿಜಿಯ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್ನಿನ ಗುಂಡಿ 180 ಅನ್ನುತ್ತಿತ್ತು, ಒಳಗಿಟ್ಟ ಥರ್ಮಾಮೀಟರ್ 205 ಅಂದಿತು. ಅಂಚು ಬೇಗ ಬೆಂದು ಗಟ್ಟಿಯಾದರೆ ನಡುವಿನ ಹಸಿ ಹಿಟ್ಟಿಗೆ ಮೇಲೆದ್ದು ಬಿರಿಯುವುದು ಬಿಟ್ಟು ದಾರಿ ಇಲ್ಲ. ಗುಂಡಿ ಕೆಳಗಿಳಿಸಿ, ಟಿನ್ನಿನ ಸುತ್ತ ಒದ್ದೆ ಬಟ್ಟೆಯ ಪಟ್ಟಿ ಕಟ್ಟಿ. ಪಟ್ಟಿ ಕಾಯುವ ಕಂಬಿಗೆ ತಾಗದ ಹಾಗೆ ನೋಡಿಕೊಳ್ಳಿ.

ಕುಸಿದರೆ ಮೂರು ಅನುಮಾನ: ಬೇಯುವ ಮೊದಲೇ ಬಾಗಿಲು ತೆಗೆದಿರಿ, ಪೂರ್ತಿ ಬೇಯಿಸಲಿಲ್ಲ, ಸೋಡಾ ಜಾಸ್ತಿ. ಮೊಟ್ಟೆ ಇಲ್ಲದ ಕೇಕಿನಲ್ಲಿ ನಾಲ್ಕನೆಯದೊಂದಿದೆ, ಅದು ನಮ್ಮವರಿಗೇ ವಿಶೇಷ. ಹಿಟ್ಟು ಕಲಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಒಳ್ಳೆಯದು ಅಂತ ಕೈಗೆ ರೂಢಿಯಾಗಿಬಿಟ್ಟಿದೆ, ಇಡ್ಲಿ ದೋಸೆಯಿಂದ. ಇಲ್ಲಿ ಹಾಗಲ್ಲ. ಸೋಡಾ ಮೊಸರಿಗೆ ತಾಗಿದ ಕ್ಷಣವೇ ಗಾಳಿ ಬಿಡಲು ಶುರು. ಓವನ್ ಮೊದಲು ಕಾಯಿಸಿ, ಟಿನ್ನಿಗೆ ಎಣ್ಣೆ ಸವರಿ, ಬಾಗಿಲಿಗೆ ಬಂದ ಪಕ್ಕದ ಮನೆಯವರನ್ನು ಕಳಿಸಿ, ಆಮೇಲೆ ಮೊಸರು ಬೆರೆಸಿ.

ದೂರು: ಬಣ್ಣ ಹೇಳಿದ್ದೊಂದು, ಬಂದದ್ದೊಂದು

ಮಗಳು ಒಮ್ಮೆ ‘ನ್ಯಾಚುರಲ್’ ಹುಚ್ಚಿನಲ್ಲಿ ಹಳದಿ ಸ್ಪಂಜಿಗೆ ಅರಿಶಿನ ಹಾಕಿದಳು. ಸೋಡಾ ಕೈತಪ್ಪಿ ಜಾಸ್ತಿ ಬಿದ್ದಿತ್ತು. ಕತ್ತರಿಸಿದರೆ ಒಳಗೆ ಇಟ್ಟಿಗೆ ಬಣ್ಣ. ಅವಳಿಗೆ ಆಶ್ಚರ್ಯ. ಅವಳಮ್ಮ ನೋಡಿದವಳೇ ‘ಓಕುಳಿ’ ಅಂದಳು. ಅಷ್ಟೇ ವಿಷಯ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದಿಲ್ಲವೇ, ಸುಣ್ಣದ ಹಾಗೆ ಸೋಡಾ ಕೂಡ ಕ್ಷಾರ.

ಕ್ರೀಮಿಗೆ ನೀರಿನ ಬಣ್ಣ ಹಾಕಿದರೆ ತೆಳುವಾಗುತ್ತದೆ, ಜೆಲ್ ಬಣ್ಣ ಹಾಕಿ. ಗಾಢ ಕೆಂಪು ಬರುವವರೆಗೂ ಸುರಿಯುತ್ತ ಹೋದರೆ ಕಹಿ. ಸ್ವಲ್ಪ ತಿಳಿಯಾಗಿರುವಾಗಲೇ ನಿಲ್ಲಿಸಿ ಫ್ರಿಜ್ಜಿಗಿಡಿ, ಕೆಲವು ಗಂಟೆಯಲ್ಲಿ ತಾನೇ ಕಡುವಾಗುತ್ತದೆ. ಕಪ್ಪು ಬೇಕಿದ್ದರೆ ಚಾಕಲೇಟ್ ಕ್ರೀಮಿನಿಂದ ಶುರು ಮಾಡಿ. ನೇರಳೆ ಹೂವು ಕಿಟಕಿ ಬೆಳಕಿನಲ್ಲಿದ್ದು ನೀಲಿಯಾದರೆ ಹೆದರಬೇಡಿ, ಅದರಲ್ಲಿದ್ದ ಗುಲಾಬಿ ಬಣ್ಣ ಬಿಸಿಲಿಗೆ ಮೊದಲು ಮಾಸುತ್ತದೆ.

ದೂರು: ಕೇಕಿಗೆ ಹೊಟ್ಟೆ ಬಂದಿದೆ

ಪದರಗಳ ನಡುವಿನ ಕ್ರೀಮ್ ಭಾರಕ್ಕೆ ಹೊರಗೆ ತಳ್ಳಿಕೊಂಡಿದೆ. ಅಂಚಿನಲ್ಲಿ ಗಟ್ಟಿ ಕ್ರೀಮಿನ ಕಟ್ಟೆ ಕಟ್ಟಿ, ಒಳಗೆ ಹಣ್ಣು ತುಂಬಿ. ಮೊದಲ ತೆಳು ಲೇಪ ಸವರಿ ಒಂದು ರಾತ್ರಿ ಕೂರಲು ಬಿಟ್ಟು, ಅಲಂಕಾರ ಮರುದಿನ ಮಾಡಿ. ಅರ್ಜೆಂಟಿದ್ದರೆ ಹೊಟ್ಟೆಗೊಂದು ರಿಬ್ಬನ್.

ದೂರು: ಎಲ್ಲ ಸರಿ ಇತ್ತು, ನೆಂಟರು ಬರುವಷ್ಟರಲ್ಲಿ ಕೆಟ್ಟಿತು

ನನ್ನ ಪ್ರಕಾರ ಮನೆಯ ಹಬ್ಬದ ಕೇಕುಗಳು ಜಾಸ್ತಿ ಸೋಲುವುದು ಇಲ್ಲೇ. ಮೇಜನ್ನು ಎಲ್ಲಿಡುತ್ತೀರಿ? ಗಣಪತಿ ಮುಂದೆ ನಂದಾದೀಪದ ಪಕ್ಕ ಬೇಡ. ಫೋಟೋಗೆ ಅಂತ ಹಾಕಿದ ಹಳೇ ಹ್ಯಾಲೋಜನ್ ಲೈಟಿನ ಕೆಳಗೂ ಬೇಡ. ನಮ್ಮ ಹಾಲ್ ಹತ್ತು ಅಡಿಗೆ ಹನ್ನೆರಡು. ಅದರಲ್ಲಿ ಇಪ್ಪತ್ತು ಜನ ಕೂತರೆ ಕೋಣೆ ನಿಮಿಷ ನಿಮಿಷಕ್ಕೆ ಬಿಸಿಯಾಗುವುದು ಮೀಟರಿನಲ್ಲಿ ಕಾಣುತ್ತದೆ. ಹಾಗಾಗಿ ಕೇಕ್ ಬೆಡ್‌ರೂಮಿನಲ್ಲಿ, ಎ.ಸಿ. ಹಾಕಿ ಬಾಗಿಲು ಮುಚ್ಚಿ. ಮಕ್ಕಳನ್ನು ನಾಲ್ಕು ನಾಲ್ಕಾಗಿ ಒಳಗೆ ಬಿಟ್ಟು ತೋರಿಸುತ್ತೇನೆ. ಅವರಿಗೂ ಅದು ದೇವಸ್ಥಾನದ ಗರ್ಭಗುಡಿ ನೋಡಿದ ಹಾಗೆ. ಕತ್ತರಿಸುವಾಗಷ್ಟೇ ಉತ್ಸವಮೂರ್ತಿ ಹೊರಗೆ ಬರುತ್ತದೆ.

ಫ್ರಿಜ್ಜಿನಿಂದ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ನಾನು ಗಡಿಯಾರ ನೋಡುವುದು ಬಿಟ್ಟೆ. ನಮ್ಮ ನೆಂಟರು ಅರ್ಧದಷ್ಟು ಜನ ಮಾಟುಂಗಾ, ಸಯನ್ ಕಡೆಯವರು, ಬರುವುದು ಸೆಂಟ್ರಲ್ ಲೈನಿನಲ್ಲಿ. ‘ಮಾಟುಂಗಾದಲ್ಲಿ ಟ್ರೈನ್ ಹತ್ತಿದೆವು’ ಅಂತ ಫೋನ್ ಬಂದರೆ ಸ್ಲೋ ಲೋಕಲಿಗೆ ಒಂದು ಗಂಟೆಯ ಹತ್ತಿರ. ಗನಾಶ್ ಕೇಕ್ ಮುಚ್ಚಿದ ಡಬ್ಬದ ಸಮೇತ ಹೊರಗೆ. ಟ್ರೈನ್ ಬಂದು, ಅವರು ಆಟೋ ಹಿಡಿದು, ಚಪ್ಪಲಿ ಬಿಟ್ಟು, ಗಣಪತಿಗೆ ಕೈ ಮುಗಿದು, ನೀರು ಕುಡಿಯುವಷ್ಟರಲ್ಲಿ ಡಬ್ಬ ಬಿಚ್ಚುವ ಹೊತ್ತು. ‘ಠಾಣೆ ಬಿಟ್ಟೆವು’ ಅಂದರೆ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು. ಅದು ಕ್ರೀಮ್ ಕೇಕ್ ಫ್ರಿಜ್ಜಿನಿಂದ ಎ.ಸಿ. ರೂಮಿಗೆ ಹೋಗುವ ಸಮಯ.

ಕಳೆದ ಚೌತಿಗೆ ಮಗಳು ಮತ್ತೆ ಇಲಿ ಮಾಡಿದಳು. ಐದು ದಿನ ಡಬ್ಬದಲ್ಲಿ ಒಣಗಿದ ಇಲಿ ಬೆವರಲಿಲ್ಲ, ಕಿವಿ ಎರಡೂ ನೆಟ್ಟಗಿದ್ದವು. ದೊಡ್ಡಮ್ಮನೇ ಅದನ್ನೆತ್ತಿ ಮೊಮ್ಮಗನ ಕೈಗೆ ಕೊಟ್ಟರು. ಅವನು ಮೊದಲು ಕಿವಿ ಕಡಿದ. ಆದರೆ ಅದೇ ದಿನ ಕ್ರೀಮ್ ಕೇಕಿನ ಮೇಲಿನ ಸಾಲು ಹೂವು ಬಾಗಿತು. ಕಾರಣ ಹುಡುಕಿದೆ. ಗಾಳಿ ಸರಿ, ಫ್ರಿಜ್ ಸರಿ, ಎ.ಸಿ. ಸರಿ. ಆಮೇಲೆ ಗೊತ್ತಾಯಿತು. ‘ಠಾಣೆ ಬಿಟ್ಟೆವು’ ಅಂತ ಫೋನ್ ಮಾಡಿದ ನಮ್ಮ ಭಾವ ಆಗ ಇನ್ನೂ ಠಾಣೆ ತಲುಪದೆ ಘಾಟ್ಕೋಪರಿನಲ್ಲಿ ಇಳಿದು ವಡಾಪಾವ್ ತಿನ್ನುತ್ತಿದ್ದರಂತೆ. ಈ ದೋಷಕ್ಕೆ ನನ್ನ ಡೈರಿಯಲ್ಲಿ ಪರಿಹಾರದ ಜಾಗ ಖಾಲಿ ಇದೆ.